ವರ್ಷಾಂತ್ಯದ ಬೋನಸ್ಸು ನುಡಿಯುವ ಸಾಕ್ಷ್ಯ

ಕರ್ನಾಟಕ ಲಾ ಸೊಸೈಟಿಯು 1939ರಲ್ಲಿ ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯವನ್ನು ತೆರೆದ ಕಾಲದಲ್ಲಿ, ಅಲ್ಲಿ ವ್ಯಾಸಂಗ ಮುಗಿಸಿ ಸನ್ನದು ಪಡೆದ ತರುಣನೊಬ್ಬನಿಗೆ ಬಹುಮಟ್ಟಿಗೆ ಒಂದೇ ಹಾದಿಯಿದ್ದಿತು. ಜಿಲ್ಲಾ ನ್ಯಾಯಾಲಯದಲ್ಲಿ ಹೆಸರು ಮಾಡಿದ ಹಿರಿಯ ವಕೀಲರೊಬ್ಬರ ಮನೆಯ ಹೊರಕೋಣೆಗೆ ಮುಂಜಾನೆಯೇ ಹೋಗಿ, ದಫ್ತರುಗಳ ದಾರ ಬಿಚ್ಚಿ, ಫಿರ್ಯಾದಿ ಕೈಫಿಯತ್ತುಗಳ ನಕಲು ತೆಗೆದು, ತಾರೀಖುಗಳನ್ನು ಡೈರಿಯಲ್ಲಿ ಬರೆದು, ಹಿರಿಯರು ವಾದಿಸುವಾಗ ಅವರ ಹಿಂದಿನ ಕುರ್ಚಿಯಲ್ಲಿ ಕುಳಿತು, ತನ್ನ ಹೆಸರನ್ನು ಕೇಳಿಕೊಂಡು ಬರುವ ಮೊದಲನೆಯ ಪಕ್ಷಕಾರನಿಗಾಗಿ ವರ್ಷಗಟ್ಟಲೆ ಕಾಯುವುದೇ ಆ ಹಾದಿ. ಆ ಕಾಯುವಿಕೆಗೆ ಪಗಾರವೆಂಬುದಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹಿರಿಯರು ಕೊಟ್ಟ ಲಕೋಟೆಯಲ್ಲಿ ಎಷ್ಟಿದೆಯೆಂದು ಅವರ ಮುಂದೆ ಬಿಚ್ಚಿ ನೋಡುವ ಪದ್ಧತಿಯೂ ಇರಲಿಲ್ಲ. ಅದು ವಾತ್ಸಲ್ಯದ ದ್ರವ್ಯವಾಗಿತ್ತು, ಲೆಕ್ಕದ ದ್ರವ್ಯವಾಗಿರಲಿಲ್ಲ.

ಈ ವಿದ್ಯಾಲಯದಲ್ಲಿ ಓದಿದವರಲ್ಲಿ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರಿದ್ದಾರೆ, ಈಗಿನ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ಹುಟ್ಟಿ, 2017ರಿಂದ 2022ರವರೆಗೆ ದೇಶದ ಅಟಾರ್ನಿ ಜನರಲ್ ಆಗಿದ್ದ ಕೆ. ಕೆ. ವೇಣುಗೋಪಾಲರಿದ್ದಾರೆ. ಅವರು ಬೆಳೆದದ್ದು ನ್ಯಾಯಾಲಯದ ಕಟಕಟೆಯ ಮುಂದೆ. ಆದರೆ ಅವರ ಕಾಲದ ವಕೀಲಿಯ ಚಿತ್ರವನ್ನು ಈಗಿನ ತರುಣ ತರುಣಿಯರ ಮುಂದಿಟ್ಟು, 'ನೀವೂ ಹೀಗೆಯೇ ಕಾಯಿರಿ' ಎಂದು ಉಪದೇಶಿಸುವುದು ನ್ಯಾಯವಲ್ಲ. ಏಕೆಂದರೆ ಈಗ ಎರಡನೆಯ ಹಾದಿಯೊಂದು ನಿಜವಾಗಿಯೂ ತೆರೆದಿದೆ. 1911ರಲ್ಲಿ ಕಲಕತ್ತೆಯಲ್ಲಿ ಆರಂಭವಾದ ಖೇತಾನ್ ಸಂಸ್ಥೆ, 1917ರಲ್ಲಿ ಮುಂಬಯಿಯಲ್ಲಿ ಹುಟ್ಟಿ 2015ರಲ್ಲಿ ಸೋದರರ ನಡುವೆ ಎರಡಾದ ಅಮರಚಂದ್ ಮಂಗಲದಾಸ್ ಮನೆತನದ ಸಂಸ್ಥೆಗಳು, 2000ದಲ್ಲಿ ಪ್ರಾರಂಭಗೊಂಡ ಟ್ರೈಲೀಗಲ್ ಮೊದಲಾದ ದೊಡ್ಡ ಲಾ ಫರ್ಮುಗಳು ಬೆಂಗಳೂರಿನಲ್ಲಿ ಕಚೇರಿಗಳನ್ನಿಟ್ಟಿವೆ. ಅವುಗಳ ನೆರಳಿನಲ್ಲಿ ಮಧ್ಯಮ ಗಾತ್ರದ ಅನೇಕ ಸಂಸ್ಥೆಗಳು ಬೆಳೆದಿವೆ. ರಾಷ್ಟ್ರೀಯ ಕಾನೂನು ಶಾಲೆಗಳ ವಿದ್ಯಾರ್ಥಿಗಳಿಗೆ ಅಲ್ಲಿ ಸಿಗುವ ಪ್ರಾಶಸ್ತ್ಯವು ನಮ್ಮ ಬೆಳಗಾವಿಯ ಪದವೀಧರರಿಗೆ ಸಿಗುವುದಿಲ್ಲವೆಂಬುದು ಸತ್ಯವೇ. ಆದರೂ ತರಬೇತಿಗೆ ಹೋಗಿ, ಕೆಲಸ ತೋರಿಸಿ, ನೇಮಕದ ಪತ್ರವನ್ನು ಕೈಯಲ್ಲಿ ಹಿಡಿದು ಊರಿಗೆ ಬರುವವರು ಇದ್ದಾರೆ. ಆ ಪತ್ರದಲ್ಲಿ ಪಗಾರದ ಅಂಕಿಯ ಕೆಳಗೆ ಇನ್ನೊಂದು ಅಂಕಿಯಿರುತ್ತದೆ. ಈ ಲೇಖನ ಆ ಎರಡನೆಯ ಅಂಕಿಯನ್ನು ಕುರಿತದ್ದು.

ಖಾನಾಪುರದ ಮನೆಯೊಂದರ ಪಡಸಾಲೆಯಲ್ಲಿ, ಇಂಥ ಎರಡು ಪತ್ರಗಳನ್ನು ಎದುರಿಗಿಟ್ಟುಕೊಂಡು ಕುಳಿತ ಹುಡುಗಿಯೊಬ್ಬಳನ್ನು ಅವಳ ಕಾಕಾ ವಿಚಾರಿಸಿದುದನ್ನು ನಾನು ಕೇಳಿದ್ದೇನೆ.

"ಪಗಾರ ತಿಳೀತವಾ ತಂಗಿ. ವರ್ಷದ ಕಡೀಗೆ ಬೋನಸ್ ಎಷ್ಟ ಕೊಡ್ತಾರಂತ?"

"ಮೂವತ್ತ ಟಕ್ಕೆ ತನಕಾ ಅಂದಾರ್ರೀ ಕಾಕಾ."

"ತನಕಾ ಅಂದ್ರ ಎಷ್ಟ? ಮತ್ತ ಅದನ್ನ ಬರದ ಕೊಟ್ಟಾರೇನು?"

ಆ ಕಾಕಾ ಕಾನೂನು ಓದಿದವರಲ್ಲ. ಹೊಲಮನೆಯ ಖರೀದಿಪತ್ರಗಳನ್ನು ನೋಡಿ ಬಲ್ಲವರು. ಆದರೂ ಬೋನಸ್ಸಿನ ವಿಚಾರದಲ್ಲಿ ಕೇಳತಕ್ಕ ಪ್ರಶ್ನೆಗಳಲ್ಲಿ ಪ್ರಧಾನವಾದ ಎರಡನ್ನು ಅವರು ಒಂದೇ ಉಸಿರಿನಲ್ಲಿ ಕೇಳಿಬಿಟ್ಟಿದ್ದರು. ಎಷ್ಟು ಎಂಬುದಕ್ಕಿಂತ ಯಾವ ಆಧಾರದ ಮೇಲೆ ಎಂಬುದೇ ಇಲ್ಲಿ ಮುಖ್ಯವಾದುದು. ಅದಕ್ಕೆ ಕಾರಣ ನಮ್ಮ ಕಾನೂನಿನ ಸ್ಥಿತಿಯಲ್ಲೇ ಇದೆ.

ನೌಕರನಿಗೆ ಬೋನಸ್ಸು ಹಕ್ಕಾಗಿ ಸಲ್ಲಬೇಕೆಂದು ನಮ್ಮ ದೇಶ 1965ರಲ್ಲಿ ಕಾಯಿದೆ ಮಾಡಿತು; ಮುಂದಿನ ತಿದ್ದುಪಡಿಗಳಿಂದ ಅದರ ಪ್ರಮಾಣ ಹೀಗೆ ನಿಂತಿತು: ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ ವರ್ಷದ ವೇತನದ ಕನಿಷ್ಠ ಶೇ 8.33, ಗರಿಷ್ಠ ಶೇ 20. 2019ರ ವೇತನ ಸಂಹಿತೆಯೂ ಇದೇ ಪ್ರಮಾಣಗಳನ್ನು ಉಳಿಸಿಕೊಂಡಿದೆ. ಆದರೆ 1965ರ ಕಾಯಿದೆಯು, 2015ರಲ್ಲಿ ತಿದ್ದುಪಡಿಯಾದ ಮೇಲೂ, ತಿಂಗಳಿಗೆ 21,000 ರೂಪಾಯಿಯೊಳಗಿನ ವೇತನದವರಿಗಷ್ಟೇ ಅನ್ವಯಿಸುತ್ತಿತ್ತು. ಆದುದರಿಂದ ಲಾ ಫರ್ಮಿನ ಗುಮಾಸ್ತರಿಗೆ ಅದರ ಆಶ್ರಯ ದೊರೆಯಬಹುದಾದರೂ, ಅಲ್ಲಿಯ ತರುಣ ವಕೀಲರು ಅದರ ಪರಿಧಿಯ ಹೊರಗೇ ಉಳಿದರು. ಗುಮಾಸ್ತರಿಗಾದರೂ ಬೋನಸ್ಸಿನ ಹಕ್ಕು ಸುಲಭವಾಗಿ ಬಂದುದಲ್ಲ. ಆ ಕಾಯಿದೆಗೂ ಮೊದಲೇ ಮುಂಬಯಿಯ ಸಾಲಿಸಿಟರರ ಸಂಸ್ಥೆಯೊಂದರ ನೌಕರರು ಬೋನಸ್ಸಿಗಾಗಿ ಹೂಡಿದ ವಿವಾದವೊಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1962ರಲ್ಲಿ, ವಕೀಲಿಯು ವೈಯಕ್ತಿಕ ಬುದ್ಧಿಶಕ್ತಿಯನ್ನು ಅವಲಂಬಿಸಿದ ವೃತ್ತಿ, ಅದು 'ಉದ್ಯಮ'ವಲ್ಲ ಎಂಬ ತೀರ್ಪಿನಲ್ಲಿ ಮುಗಿಯಿತು. ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಗಜೇಂದ್ರಗಡಕರರು ತಮ್ಮ ತಾರುಣ್ಯದಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಹದಿನಾರು ವರ್ಷಗಳ ತರುವಾಯ, 1978ರಲ್ಲಿ, ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಸಿದ್ಧ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ಆ ನಿಲುವನ್ನು ತಳ್ಳಿಹಾಕಿತು. ವೃತ್ತಿಯೆಂಬ ಕಾರಣಮಾತ್ರದಿಂದ ಯಾವ ಸಂಸ್ಥೆಯೂ ಉದ್ಯಮದ ವ್ಯಾಖ್ಯೆಯಿಂದ ತಪ್ಪಿಸಿಕೊಳ್ಳಲಾರದೆಂದು ಸಾರಿತು. ಒಬ್ಬನೇ ಸಹಾಯಕನನ್ನಿಟ್ಟುಕೊಂಡು ದುಡಿಯುವ ಒಂಟಿ ವಕೀಲನಿಗೆ ಮಾತ್ರ, ನ್ಯಾಯಮೂರ್ತಿ ಕೃಷ್ಣ ಅಯ್ಯರರು ಕರುಣೆಯಿಂದ ವಿನಾಯಿತಿ ಕೊಟ್ಟರು. ಖಾನಾಪುರದ ನ್ಯಾಯಾಲಯದ ಸುತ್ತ ಒಂದು ಮೇಜು, ಎರಡು ಕುರ್ಚಿ, ಒಬ್ಬ ಗುಮಾಸ್ತನೊಡನೆ ಜೀವನ ಸಾಗಿಸುವ ವಕೀಲರನ್ನು ಕಂಡವರಿಗೆ ಆ ವಿನಾಯಿತಿಯ ಔಚಿತ್ಯ ತಾನಾಗಿ ತಿಳಿಯುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಪೂರ್ಣಾವಧಿಯ ಸಂಬಳದ ನೌಕರನಾಗಿರುವವನು ಆ ಅವಧಿಯಲ್ಲಿ ವಕೀಲಿವೃತ್ತಿ ನಡೆಸಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ 49ನೆಯ ನಿಯಮ ಹೇಳುತ್ತದೆ. ಅದರಿಂದಾಗಿ ಅನೇಕ ಸಂಸ್ಥೆಗಳು ತಮ್ಮ ಅಸೋಸಿಯೇಟರನ್ನು ನೌಕರರೆಂದು ಕರೆಯದೆ, ಮಾಸಿಕ ಸಂಭಾವನೆಯ ಮೇಲೆ ಗೊತ್ತುಮಾಡಿಕೊಂಡ ವೃತ್ತಿಪರರೆಂದು ಪರಿಗಣಿಸುತ್ತವೆ. ಸಂಭಾವನೆಯಲ್ಲಿ ಶೇ 10ನ್ನು ತೆರಿಗೆಗೆಂದು ಮೂಲದಲ್ಲಿಯೇ ಹಿಡಿದು ಉಳಿದುದನ್ನು ಕೊಡುತ್ತವೆ. ಭವಿಷ್ಯನಿಧಿಯಾಗಲಿ ಉಪದಾನವಾಗಲಿ ಇಂಥವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಹೀಗಿರಲಾಗಿ ತರುಣ ವಕೀಲನ ಬೋನಸ್ಸಿಗೆ ಶಾಸನದ ಆಸರೆಯಿಲ್ಲ, ಸಂಘಟನೆಯ ಬಲವೂ ಇಲ್ಲ. ಇರುವುದು ಕೈಯಲ್ಲಿರುವ ಆ ಪತ್ರವೊಂದೇ. ಅದರಲ್ಲಿ ಬರೆದದ್ದಷ್ಟೇ ಅವನ ಹಕ್ಕು, ಬರೆಯದೆ ಬಾಯಿಮಾತಿನಲ್ಲಿ ಹೇಳಿದುದೆಲ್ಲ ಅನುಗ್ರಹ.

ಈ ವಿಷಯದಲ್ಲಿ ಖಾನಾಪುರ ತಾಲ್ಲೂಕಿಗೆ ಒಂದು ಪ್ರಾಚೀನ ನಿದರ್ಶನದ ಹೆಮ್ಮೆಯುಂಟು. ಕದಂಬರ ಹಲಸಿಯಲ್ಲಿ ದೊರೆತ ತಾಮ್ರಪಟಗಳಲ್ಲಿ ಕಾಕುಸ್ಥವರ್ಮನದೊಂದಿದೆ. ಸುಮಾರು 5ನೆಯ ಶತಮಾನದ್ದು. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಪ್ರತಿಫಲವಾಗಿ ಖೇಟಗ್ರಾಮದಲ್ಲಿ ಒಂದು ಕ್ಷೇತ್ರವನ್ನು ಕೊಟ್ಟೆನೆಂದು ಅರಸನು ಅದರಲ್ಲಿ ಬರೆಸಿದ್ದಾನೆ. ಸೇವೆಗೆ ಸಂದ ವಿಶೇಷ ಪುರಸ್ಕಾರದ ದಾಖಲೆಯಾಗಿ ಇದನ್ನು ಓದಿ ನೋಡಿದರೆ, ಕೊಟ್ಟವನಾರು, ಪಡೆದವನಾರು, ಏತಕ್ಕಾಗಿ ಕೊಟ್ಟದ್ದು, ಕೊಟ್ಟ ವಸ್ತು ಯಾವುದು ಎಂಬ ನಾಲ್ಕೂ ವಿವರಗಳು ಲೋಹದಲ್ಲಿ ಕೊರೆಯಲ್ಪಟ್ಟಿವೆ. ಇಂಥ ಶಾಸನಗಳ ವಾಡಿಕೆಯಂತೆ, ಕೊಟ್ಟುದನ್ನು ಮುಂದೆ ಕಿತ್ತುಕೊಳ್ಳುವವರಿಗೆ ಪಾಪಭಯವನ್ನೂ ಹೇಳಲಾಗಿದೆ. ಅರಸನ ಇಚ್ಛೆಯಿಂದಲೇ ಹುಟ್ಟಿದ ದಾನವಾದರೂ, ಬರೆದ ಕ್ಷಣದಿಂದ ಅದು ಅರಸನ ಇಚ್ಛೆಯನ್ನೂ ಮೀರಿ ನಿಂತಿತು. ಇಂದಿನ ನೇಮಕದ ಪತ್ರಗಳಲ್ಲಿ ಬೋನಸ್ಸಿನ ಮಾತು ಬರುವ ಕಂಡಿಕೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. 'ಸಂಸ್ಥೆಯ ಸಂಪೂರ್ಣ ವಿವೇಚನೆಗೆ ಒಳಪಟ್ಟು', 'ಸಂಸ್ಥೆಯ ಹಾಗೂ ವ್ಯಕ್ತಿಯ ಸಾಧನೆಯನ್ನು ಅನುಸರಿಸಿ', 'ಪಾವತಿಯ ದಿನದಂದು ಸೇವೆಯಲ್ಲಿದ್ದು, ರಾಜೀನಾಮೆಯ ಸೂಚನೆ ಕೊಟ್ಟಿರದಿದ್ದಲ್ಲಿ' ಎಂಬ ಬಗೆಯ ಪದಪುಂಜಗಳೇ ಅಲ್ಲಿ ತುಂಬಿರುತ್ತವೆ. ಇವು ಅನ್ಯಾಯದ ಮಾತುಗಳೆಂದು ನಾನು ಹೇಳುವುದಿಲ್ಲ. ವ್ಯಾಪಾರದ ಏರಿಳಿತ ಕಂಡ ಯಾವ ಸಂಸ್ಥೆಯೂ ತನ್ನ ಕೈಯನ್ನು ಪೂರ್ಣವಾಗಿ ಕಟ್ಟಿಕೊಳ್ಳಲು ಒಪ್ಪದು. ಆದರೆ ಓದುವವನು ಕಾನೂನು ಓದಿದವನಾದುದರಿಂದ, ಪಕ್ಷಕಾರನ ಕರಾರುಪತ್ರವನ್ನು ಓದುವಷ್ಟೇ ಕಠಿಣವಾದ ಕಣ್ಣಿನಿಂದ ತನ್ನ ಕರಾರುಪತ್ರವನ್ನೂ ಓದಿಕೊಳ್ಳಬೇಕಾದುದು ಅವನ ಮೊದಲ ವೃತ್ತಿಧರ್ಮ.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಒಂದು ಸಂಸ್ಥೆ ವರ್ಷಕ್ಕೆ 15 ಲಕ್ಷ ನಿಶ್ಚಿತ ಸಂಭಾವನೆಯನ್ನೂ, ಅದರ ಶೇ 30ರವರೆಗೆ ಬೋನಸ್ಸನ್ನೂ ಹೇಳುತ್ತದೆಯೆಂದೂ, ಇನ್ನೊಂದು 17 ಲಕ್ಷ ನಿಶ್ಚಿತವನ್ನೂ ಶೇ 10ರವರೆಗೆ ಬೋನಸ್ಸನ್ನೂ ಹೇಳುತ್ತದೆಯೆಂದೂ ಇಟ್ಟುಕೊಳ್ಳೋಣ. ಪೂರ್ಣ ಬೋನಸ್ಸು ಬಂದರೆ ಮೊದಲನೆಯದು 19.5 ಲಕ್ಷ, ಎರಡನೆಯದು 18.7 ಲಕ್ಷ, ಮನೆಯವರು ಹೆಮ್ಮೆಯಿಂದ ನೆರೆಹೊರೆಗೆ ಹೇಳುವ ಅಂಕಿ ಮೊದಲನೆಯದೇ ಆಗುತ್ತದೆ. ಅರ್ಧ ಬೋನಸ್ಸು ಬಂದರೆ ಮೊದಲನೆಯದು 17.25 ಲಕ್ಷಕ್ಕೆ ಇಳಿದು, ಎರಡನೆಯದು 17.85 ಲಕ್ಷದಲ್ಲಿ ನಿಂತು ಮೇಲಾಗುತ್ತದೆ. ಏನೂ ಬಾರದಿದ್ದರೆ ಅಂತರ ಎರಡು ಲಕ್ಷ. ಗಣಿತವನ್ನು ಕೊನೆಯವರೆಗೆ ನಡೆಸಿದರೆ, ಗರಿಷ್ಠ ಬೋನಸ್ಸಿನಲ್ಲಿ ನೂರಕ್ಕೆ ಎಪ್ಪತ್ತೊಂದಕ್ಕಿಂತ ಹೆಚ್ಚು ಭಾಗ ಕೈಗೆ ಬಂದ ವರ್ಷದಲ್ಲಿ ಮಾತ್ರ ಮೊದಲನೆಯ ಸಂಸ್ಥೆ ಲಾಭದಾಯಕ. ಅಂತಹ ವರ್ಷಗಳು ಎಷ್ಟು ಬಂದಿವೆ, ಎಷ್ಟು ಮಂದಿಗೆ ಬಂದಿವೆ ಎಂಬುದು ಪತ್ರದಲ್ಲಿಲ್ಲ. ಅಲ್ಲದೆ ಜುಲೈಯಲ್ಲಿ ಸೇರುವ ಹೊಸಬನಿಗೆ, ಮಾರ್ಚಿನಲ್ಲಿ ಮುಗಿಯುವ ಹಣಕಾಸಿನ ವರ್ಷದಲ್ಲಿ ಒಂಬತ್ತೇ ತಿಂಗಳು ದಕ್ಕುವುದರಿಂದ, ಮೊದಲ ವರ್ಷದ 4.5 ಲಕ್ಷವು ಅತ್ಯುತ್ತಮ ಸ್ಥಿತಿಯಲ್ಲಿಯೂ 3.375 ಲಕ್ಷವಷ್ಟೇ, ಮೊದಲ ವರ್ಷದವರಿಗೆ ಬೋನಸ್ಸೇ ಇಲ್ಲವೆಂದು ಪತ್ರದಲ್ಲಿದ್ದರೆ ಅದೂ ಇಲ್ಲ. ಮಳೆ ನಂಬಿ ಭತ್ತ ಬೆಳೆಯುವ ಖಾನಾಪುರದ ರೈತನು ಪೈರು ಕಣಕ್ಕೆ ಬಂದು ರಾಶಿಯಾಗುವವರೆಗೆ ಅದನ್ನು ಸಾಲ ತೀರಿಸುವ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿದ್ಯಾಭ್ಯಾಸದ ಸಾಲದ ಕಂತನ್ನೂ ಬೆಂಗಳೂರಿನ ಮನೆಬಾಡಿಗೆಯನ್ನೂ ನಿಶ್ಚಿತ ಸಂಭಾವನೆಯೊಳಗೇ ಹೊಂದಿಸಿಕೊಂಡು, ಬೋನಸ್ಸನ್ನು ಲೆಕ್ಕದ ಹೊರಗಿಡುವ ಬುದ್ಧಿ ಅವನಿಂದಲೇ ಕಲಿಯತಕ್ಕದ್ದು.

ಇಷ್ಟರಿಂದ ಬೋನಸ್ಸು ನಿಷ್ಪ್ರಯೋಜಕವಾದ ಅಂಕಿಯೆಂದು ತಿಳಿಯಬಾರದು. ನನ್ನ ಅಭಿಪ್ರಾಯದಲ್ಲಿ ಪತ್ರದ ಅತ್ಯಂತ ಉಪಯುಕ್ತವಾದ ಅಂಕಿಯೇ ಅದು. ಆದರೆ ಅದರ ಉಪಯೋಗ ಹಣವಾಗಿ ಅಲ್ಲ, ಸಾಕ್ಷ್ಯವಾಗಿ. ಪಗಾರವನ್ನು ಸಂಸ್ಥೆಗಳು ಪೇಟೆಯ ದರ ನೋಡಿ ನಿಗದಿಮಾಡುತ್ತವೆ. ಅದರಲ್ಲಿ ಸಂಸ್ಥೆಯ ಗುಣ ತಿಳಿಯುವುದು ಕಡಿಮೆ. ಬೋನಸ್ಸು ಯಾರಿಗೆ, ಯಾವುದಕ್ಕೆ, ಯಾವಾಗ, ಯಾರ ಮಾತಿನ ಮೇಲೆ ಸಿಗುತ್ತದೆಯೆಂಬುದರಲ್ಲಿಯಾದರೋ, ಆ ಕಚೇರಿ ಕಿರಿಯರ ಕಾಲವನ್ನೂ ಶ್ರಮವನ್ನೂ ಹೇಗೆ ಅಳೆಯುತ್ತದೆಯೆಂಬ ಸತ್ಯ ತಪ್ಪದೆ ಹೊರಬೀಳುತ್ತದೆ.

ಹೇಗೆಂದರೆ, ಕೆಲವೆಡೆ ಬೋನಸ್ಸು ಗಂಟೆಗಳಿಗೆ ಕಟ್ಟಿದ್ದು. ಪಕ್ಷಕಾರನ ಲೆಕ್ಕಕ್ಕೆ ಬರೆಯಬಹುದಾದ ಕೆಲಸದ ಗಂಟೆಗಳು ವರ್ಷದಲ್ಲಿ ಇಷ್ಟು ದಾಟಿದರೆ ಇಷ್ಟು ಎಂಬ ಕ್ರಮ. ಆರಾರು ನಿಮಿಷಗಳ ತುಣುಕುಗಳಾಗಿ ದಿನವನ್ನು ಬರೆದಿಡುವ ಅಭ್ಯಾಸ ಅದರೊಡನೆ ಬರುತ್ತದೆ. ಅಮೆರಿಕದ ದೊಡ್ಡ ಸಂಸ್ಥೆಗಳಲ್ಲಿ 1,900ರಿಂದ 2,000 ಗಂಟೆಗಳ ಗುರಿ ಸಾಮಾನ್ಯವಾದುದು. ಎರಡು ಸಾವಿರ ಗಂಟೆಗಳನ್ನು ನಲವತ್ತೆಂಟು ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು ನಲವತ್ತೆರಡು ಗಂಟೆ, ವಾರಕ್ಕೆ ಐದು ದಿನದ ಲೆಕ್ಕದಲ್ಲಿ ದಿನಕ್ಕೆ ಎಂಟು ಗಂಟೆ ಇಪ್ಪತ್ತು ನಿಮಿಷ, ನೋಡುವುದಕ್ಕೆ ದುಸ್ಸಾಧ್ಯವೇನಲ್ಲ. ಆದರೆ ಊಟ, ಕಚೇರಿಯ ಸಭೆಗಳು, ಓದು, ಹಿರಿಯರು ಕಾಗದ ನೋಡಿ ಹಿಂತಿರುಗಿಸುವವರೆಗಿನ ಕಾಯುವಿಕೆ, ಮರುದಿನಕ್ಕೆ ಸರಿದ ಕೆಲಸ ಇವೊಂದೂ ಆ ಎಂಟು ಗಂಟೆಗಳೊಳಗೆ ಬರುವುದಿಲ್ಲವಾದ್ದರಿಂದ, ಅಷ್ಟನ್ನು ಬರೆಯಲು ಹನ್ನೊಂದು ಹನ್ನೆರಡು ಗಂಟೆ ಕಚೇರಿಯಲ್ಲಿ ಕಳೆಯಬೇಕಾಗುತ್ತದೆ. ಆದುದರಿಂದ ಗಂಟೆಯ ಗುರಿಯ ಮೇಲೆ ದೊಡ್ಡ ಬೋನಸ್ಸನ್ನು ಹೇಳುವ ಸಂಸ್ಥೆ ಕೊಡುವುದು ಉಡುಗೊರೆಯನ್ನಲ್ಲ. ಹೆಚ್ಚಿನ ದುಡಿಮೆಯ ಕೂಲಿಯನ್ನು ತಡಮಾಡಿ ಕೊಡುತ್ತದೆ. ಬೋನಸ್ಸನ್ನೂ ಪಗಾರವನ್ನೂ ಕೂಡಿಸಿ, ನಿಜವಾಗಿ ಕಚೇರಿಯಲ್ಲಿ ಕಳೆಯುವ ಗಂಟೆಗಳಿಂದ ಭಾಗಿಸಿ ನೋಡಿದರೆ, ಎರಡು ಸಂಸ್ಥೆಗಳ ನಡುವಣ ವ್ಯತ್ಯಾಸ ಎಷ್ಟೋ ಸಲ ಅಳಿಸಿಹೋಗುತ್ತದೆ, ಕೆಲವು ಸಲ ತಿರುಗುಮುರುಗಾಗುತ್ತದೆ.

ಇಲ್ಲಿ ಹೆಣ್ಣುಮಕ್ಕಳ ಪಾಲಿಗೆ ಒಂದು ವಿಶೇಷವಾದ ಪ್ರಶ್ನೆಯುಂಟು, ಅದನ್ನು ಸಂಕೋಚವಿಲ್ಲದೆ ಕೇಳಲೇಬೇಕು. ಹೆರಿಗೆಯ ರಜೆಯ ವರ್ಷದಲ್ಲಿ ಗಂಟೆಯ ಗುರಿಯನ್ನು ಅದೇ ಪ್ರಮಾಣದಲ್ಲಿ ಇಳಿಸುತ್ತಾರೆಯೋ, ಇಲ್ಲವೋ? ಇಳಿಸುವುದಿಲ್ಲವೆಂದಾದರೆ, ಗಂಡುಹೆಣ್ಣುಗಳಿಗೆ ಒಂದೇ ನಿಯಮವೆಂದು ಹೇಳಿಕೊಳ್ಳುವ ಆ ಪದ್ಧತಿ ಹೆಣ್ಣಿನ ಒಂದು ವರ್ಷದ ಬೋನಸ್ಸನ್ನು ಮೊದಲೇ ಕಡಿದಿಟ್ಟಂತಾಯಿತು. ಅದೇ ರೀತಿ, ಬಡವರ ಪರವಾಗಿ ಉಚಿತವಾಗಿ ಮಾಡಿದ ಕೆಲಸ, ಕಿರಿಯರಿಗೆ ಕಲಿಸಿದ ಕಾಲ, ಹೊಸ ಶಾಖೆಯನ್ನು ಅಭ್ಯಾಸ ಮಾಡಿದ ಕಾಲ ಇವು ಗುರಿಯ ಲೆಕ್ಕಕ್ಕೆ ಬರುತ್ತವೆಯೇ ಎಂಬುದನ್ನೂ ಕೇಳಬೇಕು.

ಇನ್ನು ಕೆಲವೆಡೆ ಬೋನಸ್ಸು ಗಂಟೆಗಳನ್ನಲ್ಲದೆ ಪಕ್ಷಕಾರರಿಂದ ವಸೂಲಾದ ಶುಲ್ಕವನ್ನು ಅನುಸರಿಸುತ್ತದೆ. ಬೆಳಗಾವಿಯ ಯಾವ ವಕೀಲರನ್ನು ಕೇಳಿದರೂ ಶುಲ್ಕ ಬರೆಯುವುದು ಬೇರೆ, ಶುಲ್ಕ ಕೈಗೆ ಬರುವುದು ಬೇರೆಯೆಂದು ಹೇಳಿಯಾರು; ವಸೂಲಿಯ ಮೇಲೆ ಕಿರಿಯನಿಗೆ ಯಾವ ಹತೋಟಿಯೂ ಇಲ್ಲದಿರುವಾಗ, ಅದರ ಫಲಾಫಲವನ್ನು ಅವನ ತಲೆಗೆ ಕಟ್ಟುವ ವ್ಯವಸ್ಥೆಯನ್ನು ನಾನು ನ್ಯಾಯವೆಂದು ಒಪ್ಪಲಾರೆ. ಮತ್ತೆ ಕೆಲವೆಡೆ ಯಾವ ಸೂತ್ರವೂ ಇಲ್ಲ. ಕೈಕೆಳಗೆ ದುಡಿಸಿಕೊಂಡ ಪಾಲುದಾರರು ವರ್ಷಾಂತ್ಯದಲ್ಲಿ ಒಂದು ಅಂಕಿಯನ್ನು ಹೇಳುತ್ತಾರೆ. ಆ ಪಾಲುದಾರರು ಸಹೃದಯರಾಗಿದ್ದಲ್ಲಿ ಇದಕ್ಕಿಂತ ಉದಾರವಾದ ಪದ್ಧತಿಯಿಲ್ಲ. ಅವರು ಸಂಸ್ಥೆಯನ್ನು ಬಿಟ್ಟುಹೋದ ವರ್ಷ ಇದಕ್ಕಿಂತ ನಿರಾಧಾರವಾದ ಪದ್ಧತಿಯೂ ಇಲ್ಲ. ಸೇರುವಾಗಲೇ ಕೊಡುವ ಆರಂಭದ ಬೋನಸ್ಸೆಂಬುದೊಂದುಂಟು. ಇಷ್ಟು ತಿಂಗಳೊಳಗೆ ಬಿಟ್ಟರೆ ಹಿಂದಿರುಗಿಸತಕ್ಕದ್ದೆಂಬ ಷರತ್ತು ಅದರ ಬೆನ್ನಿಗಿದ್ದರೆ, ಅದನ್ನು ಸಾಲವೆಂದೇ ಬಗೆದು ಆ ತಿಂಗಳುಗಳು ಕಳೆಯುವವರೆಗೆ ಮುಟ್ಟದಿರುವುದು ಲೇಸು.

ನ್ಯೂಯಾರ್ಕಿನಲ್ಲಿ ಈ ವ್ಯವಹಾರ ಇನ್ನೊಂದು ರೀತಿ ನಡೆಯುತ್ತದೆ. ಅಲ್ಲಿಯ ಕ್ರವಾತ್ ಸಂಸ್ಥೆಯ ಹೆಸರಿನಿಂದಲೇ ಪ್ರಸಿದ್ಧವಾದ ಶ್ರೇಣಿಯೊಂದುಂಟು: ಪದವಿ ಪಡೆದ ವರ್ಷದ ಮೇಲೆ ಪಗಾರವೂ ಬೋನಸ್ಸೂ ನಿರ್ಧಾರವಾಗಿ, ಒಂದು ದೊಡ್ಡ ಸಂಸ್ಥೆ ನವೆಂಬರಿನ ಸುಮಾರಿಗೆ ತನ್ನ ಅಂಕಿಗಳನ್ನು ಸಾರಿದ ಕೂಡಲೆ ಉಳಿದವು ಅದನ್ನೇ ಅನುಸರಿಸುತ್ತವೆ. 2023ರ ಕೊನೆಯಲ್ಲಿ ಮೊದಲ ವರ್ಷದವರ ಪಗಾರ 2,25,000 ಡಾಲರಿಗೆ ಏರಿತು. ಆ ವರ್ಷದ ಬೋನಸ್ಸು ಒಂದು ವರ್ಷ ತುಂಬಿದವರಿಗೆ 20,000ದಿಂದ ಹಿಡಿದು ಹಿರಿಯ ಅಸೋಸಿಯೇಟರಿಗೆ 1,15,000 ಡಾಲರಿನವರೆಗೆ ಇದ್ದಿತು. ಆ ಮೊತ್ತಗಳ ಗಾತ್ರಕ್ಕಿಂತ ನನ್ನ ಮನಸ್ಸನ್ನು ಹಿಡಿದುದು ಅವುಗಳ ಬಹಿರಂಗತೆ. ಅಲ್ಲಿ ಸಂಸ್ಥೆಯನ್ನು ಆರಿಸುವ ವಿದ್ಯಾರ್ಥಿಗೆ ಮುಂದಿನ ಏಳೆಂಟು ವರ್ಷಗಳ ಬೋನಸ್ಸಿನ ಮೇಲ್ಪಂಕ್ತಿ ಕಣ್ಣೆದುರಿಗಿರುತ್ತದೆ. ಸಹೋದ್ಯೋಗಿಗೆ ಎಷ್ಟು ಬಂದಿತೆಂಬ ಗುಟ್ಟು ಸ್ನೇಹವನ್ನು ಕೆಡಿಸುವುದಿಲ್ಲ. ನಮ್ಮ ಸಂಸ್ಥೆಗಳು ಆ ಮೊತ್ತಗಳನ್ನು ಅನುಕರಿಸಬೇಕಾಗಿಲ್ಲ. ಆ ಬಯಲುತನವನ್ನು ಅನುಕರಿಸಲು ಹಣ ಬೇಕಾಗುವುದಿಲ್ಲವೆಂಬುದನ್ನು ಮಾತ್ರ ಅವು ನೆನೆಯಬೇಕು.

ಹೀಗೆ ಬೆಂಗಳೂರಿನ ಎರಡು ಪತ್ರಗಳನ್ನು ತೂಗುವಾಗ, ಬೆಳಗಾವಿಯ ಅಥವಾ ಖಾನಾಪುರದ ತರುಣನು ಮೂರನೆಯದೊಂದನ್ನು ತಕ್ಕಡಿಯಿಂದ ಕೆಳಗಿಳಿಸಬಾರದೆಂದು ನನ್ನ ಪ್ರಾರ್ಥನೆ. ಅದು ಊರಿನ ಚೇಂಬರು. ಇಲ್ಲಿಯ ಕಿರಿಯರಿಗೆ ಸಿಗುವ ಹಣ ತೀರ ಅಲ್ಪವೆಂಬುದನ್ನು ಮುಚ್ಚಿಡುವುದು ತಪ್ಪು. ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಗಳನ್ನಾದರೂ ಕಿರಿಯ ವಕೀಲರಿಗೆ ಕೊಡಿರೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸಲಹೆ ಮಾಡಬೇಕಾಗಿ ಬಂತೆಂಬುದೇ ಆ ಅಲ್ಪತೆಗೆ ಪ್ರಮಾಣ. ಅದೂ ಸಲಹೆಯೇ ಹೊರತು ವಿಧಿಯಲ್ಲ. ಹಿರಿಯ ವಕೀಲರು ಇದನ್ನು ವಿಧಿಯೆಂದೇ ತಿಳಿದು ನಡೆದರೆ ನಮ್ಮ ನ್ಯಾಯಾಲಯಗಳಿಗೆ ಬಡ ಮನೆಯ ಬುದ್ಧಿವಂತ ಮಕ್ಕಳು ಉಳಿದಾರು. ವಾತ್ಸಲ್ಯದ ಲಕೋಟೆಯ ಕಾಲ ಮುಗಿಯಿತೆಂದು ಅವರು ಒಪ್ಪಿಕೊಳ್ಳಬೇಕಾದ ಹೊತ್ತು ಇದು.

ಆದರೆ ಇಲ್ಲಿ ದೊರೆಯುವ ವಿದ್ಯೆ ಇನ್ನೊಂದೆಡೆ ದೊರೆಯದು. 1956ರವರೆಗೆ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಇಲ್ಲಿಯ ಭೂಮಿಯ ಇತಿಹಾಸವು ಹಲವು ಪದರಗಳದು. ಖಾನಾಪುರದ ಒಂದು ಗದ್ದೆಯ ಉತಾರವನ್ನು ಹಿಡಿದು ಹಿಂದಕ್ಕೆ ನಡೆದರೆ, 1974ರ ಭೂಸುಧಾರಣೆಯನ್ನು ದಾಟಿ, 1948ರ ಮುಂಬಯಿ ಗೇಣಿ ಕಾಯಿದೆಯನ್ನು ದಾಟಿ, ಇನಾಮು ವತನಗಳ ಕಾಲಕ್ಕೆ ಬಂದು, ಮರಾಠಿಯ ಬರಹದಲ್ಲಿ, ಒಮ್ಮೊಮ್ಮೆ ಮೋಡಿ ಲಿಪಿಯಲ್ಲಿ ಮುಳುಗಬೇಕಾಗುತ್ತದೆ. ಕನ್ನಡವನ್ನೂ ಮರಾಠಿಯನ್ನೂ ಮನೆಮಾತಿನಂತೆ ಬಲ್ಲ, ಈ ಕಾಗದಗಳನ್ನು ಬಿಡಿಸಿ ಹಕ್ಕಿನ ಸರಪಳಿಯನ್ನು ಹೆಣೆಯಬಲ್ಲ ವಕೀಲನ ಬೆಲೆಯನ್ನು ಬೆಂಗಳೂರಿನ ಸಂಸ್ಥೆಯೂ ಬಲ್ಲದು; ಕಾರ್ಖಾನೆಗೆ ಜಾಗ ಕೊಳ್ಳುವ ಪಕ್ಷಕಾರನಿಗಾಗಿ ಅದು ಕೊನೆಗೆ ಕರೆಯುವುದು ಅವನನ್ನೇ ಅಲ್ಲವೆ? ಇದೇ ತಾಲ್ಲೂಕಿನ ಕಣಕುಂಬಿಯ ಸುತ್ತಣ ನೀರಿಗಾಗಿ 2010ರಲ್ಲಿ ಮಹದಾಯಿ ನ್ಯಾಯಾಧಿಕರಣ ರಚಿತವಾಗಿ, 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಬರುವವರೆಗೆ ದೇಶದ ಅಗ್ರಗಣ್ಯ ವಕೀಲರು ದಿಲ್ಲಿಯಲ್ಲಿ ವಾದಿಸಿದರು. ದೊಡ್ಡ ವ್ಯಾಜ್ಯಗಳು ದೊಡ್ಡ ನಗರಗಳಲ್ಲಿಯೇ ಹುಟ್ಟುತ್ತವೆಂಬುದು ನಿಜವಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಧಾರವಾಡದ ಉಚ್ಚ ನ್ಯಾಯಾಲಯ ಪೀಠದಿಂದ, ಉಚ್ಚ ನ್ಯಾಯಾಲಯದಲ್ಲಿ ವಾದಿಸುವ ಆಸೆಯುಳ್ಳವನು ಬೆಂಗಳೂರಿಗೇ ಹೋಗಬೇಕೆಂಬ ಅನಿವಾರ್ಯತೆಯೂ ತಪ್ಪಿದೆ.

ಸಾಲದ ಭಾರವಿರುವ ಮನೆಯ ಮಗನಿಗೆ ಅಥವಾ ಮಗಳಿಗೆ ನಾನು ಚೇಂಬರನ್ನೇ ಆರಿಸೆಂದು ಹೇಳಲಾರೆ. ಸಂಸ್ಥೆಗೇ ಹೋಗುವುದಾದರೆ ಹೋಗಲಿ. ಹೋಗುವ ಮೊದಲು, ತನ್ನ ಕಾಲೇಜಿನಿಂದ ಆ ಸಂಸ್ಥೆಗೆ ಎರಡು ಮೂರು ವರ್ಷಗಳ ಹಿಂದೆ ಸೇರಿದವರನ್ನು ಹುಡುಕಿ ಮಾತನಾಡಿಸಲಿ. ಹಿಂದಿನ ವರ್ಷ ಬೋನಸ್ಸು ಯಾವ ತಿಂಗಳಲ್ಲಿ ಕೈಗೆ ಬಂದಿತು, ಮಾತುಕೊಟ್ಟದ್ದರಲ್ಲಿ ಎಷ್ಟು ಭಾಗ ಬಂದಿತು, 2020ರ ಸಂಕಟದ ವರ್ಷದಲ್ಲಿ ಸಂಸ್ಥೆಗಳು ಕಿರಿಯರ ಸಂಭಾವನೆಯನ್ನು ಕಡಿತಗೊಳಿಸಿ ಮುಂದೂಡಿದಾಗ ಈ ಸಂಸ್ಥೆ ಹೇಗೆ ನಡೆದುಕೊಂಡಿತು, ಹಿಡಿದಿಟ್ಟುದನ್ನು ಅನಂತರ ಹಿಂತಿರುಗಿಸಿತೋ ಇಲ್ಲವೋ, ಬೋನಸ್ಸು ಪಾವತಿಯಾದ ಮರುತಿಂಗಳು ಎಷ್ಟು ಮಂದಿ ಬಿಟ್ಟುಹೋದರು ಎಂದು ಕೇಳಲಿ. ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಎಲ್ಲಕ್ಕಿಂತ ಮಿಗಿಲಾದುದು. ಪಾವತಿಯ ದಿನಕ್ಕಾಗಿಯೇ ಜನ ಕಾದು ಕುಳಿತು, ಹಣ ಬಂದ ವಾರದಲ್ಲಿಯೇ ರಾಜೀನಾಮೆಗಳು ಸಾಲುಗಟ್ಟುವ ಕಚೇರಿಯಲ್ಲಿ, ಬೋನಸ್ಸು ಎಷ್ಟೇ ದೊಡ್ಡದಿದ್ದರೂ ಅದು ಜನರನ್ನು ತಡೆದು ನಿಲ್ಲಿಸುವ ಅಗುಳಿಯಾಗಿ ಕೆಲಸ ಮಾಡುತ್ತಿರುತ್ತದೆ. ಬೋನಸ್ಸು ಸಾಧಾರಣವಾಗಿದ್ದೂ ನಾಲ್ಕನೆಯ ಐದನೆಯ ವರ್ಷದವರು ಅಲ್ಲಿಯೇ ಉಳಿದಿದ್ದರೆ, ಅವರು ಪತ್ರದಲ್ಲಿ ಬರೆಯಲಾಗದ ಏನನ್ನೋ ಅಲ್ಲಿ ಪಡೆಯುತ್ತಿದ್ದಾರೆ, ಬಹುಶಃ ಕಲಿಸುವ ಹಿರಿಯರೊಬ್ಬರನ್ನು.

ಆಮೇಲೆ ಸಂಸ್ಥೆಗೆ ವಿನಯದಿಂದ ಒಂದು ಪತ್ರ ಬರೆದು, ಬೋನಸ್ಸಿನ ಸೂತ್ರವೇನು, ಮೊದಲ ವರ್ಷಕ್ಕೆ ಅದು ಅನ್ವಯಿಸುತ್ತದೆಯೇ, ಸೇವೆ ಬಿಡುವಾಗ ಸಂದ ತಿಂಗಳುಗಳ ಪಾಲು ಸಿಗುತ್ತದೆಯೇ ಎಂದು ಕೇಳಬೇಕು. ಇಷ್ಟು ಕೇಳಿದುದಕ್ಕೆ ನೇಮಕವನ್ನು ಹಿಂತೆಗೆದುಕೊಳ್ಳುವರೆಂಬ ಭಯ ಮಕ್ಕಳಲ್ಲಿ ಬಹಳವಾಗಿದೆ. ಕರಾರುಗಳನ್ನು ಓದಿ ಸಂದೇಹಗಳನ್ನು ಎತ್ತುವುದಕ್ಕಾಗಿಯೇ ಅವರನ್ನು ನೇಮಿಸಿಕೊಳ್ಳುತ್ತಿರುವ ಸಂಸ್ಥೆ, ಅವರು ಎತ್ತಿದ ಮೊದಲ ಸಂದೇಹಕ್ಕೇ ಮುನಿಯುವುದಾದರೆ, ಆ ಮುನಿಸು ಸಹಿಯ ಮೊದಲೇ ತಿಳಿದುಬರುವುದು ಉತ್ತಮ. ಉತ್ತರ ಲಿಖಿತವಾಗಿ ಬಂದರೆ ಅದನ್ನು ನೇಮಕದ ಪತ್ರದೊಡನೆ ಹೊಲಿದಿಟ್ಟುಕೊಳ್ಳಲಿ. ಬಾಯಿಮಾತಿನಲ್ಲಿ ಬಂದರೆ, ತಾವು ತಿಳಿದುಕೊಂಡುದು ಇಂತಿದೆಯೆಂದು ಅದೇ ದಿನ ಬರೆದು ಕಳುಹಿಸಲಿ. ಎರಡೂ ಆಗದಿದ್ದಲ್ಲಿ ಆ ಎರಡನೆಯ ಅಂಕಿಯನ್ನು ಸೊನ್ನೆಯೆಂದು ಹಿಡಿದು, ಉಳಿದ ಪಗಾರದ ಮೇಲೆಯೇ ಬೆಂಗಳೂರು, ಬೆಳಗಾವಿ, ಖಾನಾಪುರಗಳ ನಡುವಣ ಆಯ್ಕೆಯನ್ನು ಮನೆಯವರೊಡನೆ ಕುಳಿತು ಮಾಡಲಿ.